ಮೇಲಿನ ತಾಕಿನ ಗರಸು

ಬಾಪೂಜಿ ನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಶಶಿಕಲಾ ಇಪ್ಪತ್ತು ವರ್ಷಗಳಿಂದ ನನ್ನ ರವಿಕೆಗಳನ್ನು ಹೊಲಿಯುತ್ತಿದ್ದಾಳೆ. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ಅದಕ್ಕೇ ಈ ಏಕವಚನ. ಅಳತೆ ತೆಗೆದುಕೊಳ್ಳುವಾಗ ಅವಳು ಮಾತಾಡುವುದಿಲ್ಲ, ತುಟಿಗಳ ನಡುವೆ ಗುಂಡುಸೂಜಿ ಇರುತ್ತದೆ. ಹುಕ್ಕು ಹಾಕುವಾಗ ಮಾತ್ರ ಮಾತಿಗೆ ಕೂರುತ್ತಾಳೆ. ಹಾಗೆ ತುಂಡು ತುಂಡಾಗಿ ಕೇಳಿದ ಸಂಗತಿ ಇದು. ಕೊನೆಯ ಭಾಗವನ್ನು ನಾನೇ ಹೋಗಿ ನೋಡಿ ಬಂದೆ.

ಅವಳ ತವರು ಕೆಂಗೇರಿ ದಾಟಿದ ಮೇಲೆ ಸಿಗುವ ಒಂದು ಹಳ್ಳಿ. ಈಗ ಅದರ ಮೂರು ಕಡೆಯೂ ಲೇಔಟುಗಳು ಬಂದಿವೆ, ನಾಲ್ಕನೇ ಕಡೆ ಹಳ್ಳವೊಂದು ಹರಿಯುತ್ತದೆ. ಹಳ್ಳದ ಪಕ್ಕದಲ್ಲಿ ಅಪ್ಪನಿಗೆ ಎರಡು ತಾಕು ಜಮೀನಿತ್ತು. ಕೆಳಗಿನದು ಮೆತ್ತನೆಯ ಎರೆಮಣ್ಣು, ವರ್ಷವಿಡೀ ಸೊಪ್ಪು ಬೆಳೆಯುತ್ತಿದ್ದ ಜಾಗ. ಅದಕ್ಕಿಂತ ಒಂದಾಳೆತ್ತರ ಮೇಲೆ, ಮೆಟ್ಟಿಲಿನ ಹಾಗೆ ನಿಂತಿದ್ದ ಹದಿನಾಲ್ಕು ಗುಂಟೆ ಪೂರ್ತಿ ಗರಸು. ಕೈಗೆ ತೆಗೆದುಕೊಂಡರೆ ಅರ್ಧ ಮಣ್ಣು, ಅರ್ಧ ಕಲ್ಲು. ನೀರು ಹಾಕಿದ ಮರುಕ್ಷಣ ಎಲ್ಲಿ ಹೋಯಿತೆಂದೇ ತಿಳಿಯದು. ಅಪ್ಪ ಅಲ್ಲಿ ಹುರುಳಿ ಚೆಲ್ಲುತ್ತಿದ್ದ, ಬಂದಷ್ಟು ಬರಲಿ ಎಂದು ಸುಮ್ಮನಾಗುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಭಾಗದ ಮಾತು ಬಂತು. ತಮ್ಮ ಸೀನ ಹಳ್ಳಿಯಲ್ಲೇ ಇದ್ದುಕೊಂಡು ಸೊಪ್ಪು ಬೆಳೆದು ಕೆಂಗೇರಿ ಸಂತೆಗೆ ಹಾಕುವವನು. "ಅಕ್ಕ, ನಿಂಗೆ ಮೇಲಿನ ತಾಕು ಇರ್ಲಿ, ನೋಡ್ಕೊಳೋಕೆ ಸುಲಭ," ಎಂದ. ಮಾತು ನಯವಾಗಿಯೇ ಇತ್ತು. ಕೂತಿದ್ದ ಹಿರಿಯರು ಮಾತ್ರ ಮುಖ ಮುಖ ನೋಡಿಕೊಂಡರು. ಶಶಿಕಲಾ ಸಹಿ ಹಾಕಿದಳು. ವಾಪಸು ಬರುವಾಗ ಮೆಟ್ರೋದಲ್ಲಿ ಗಂಡ ಅಂಜಿನಯ್ಯನ ಕಡೆಗೆ ಬೆನ್ನು ಹಾಕಿ, ಇಳಿಯುವವರೆಗೂ ಕಿಟಕಿ ಕಡೆ ತಿರುಗಿ ಕೂತಿದ್ದಳಂತೆ.

"ಬಿಟ್ಬಿಡು ಕಣೇ ಅದನ್ನ," ಎಂದ ಅಂಜಿನಯ್ಯ. ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಕೆಲಸ ಅವನದು, ಹೊಲದ ಗಂಧ ಗಾಳಿ ಇಲ್ಲದವನು.

"ಬಿಡಲ್ಲ. ಅದನ್ನ ಹೊಲ ಮಾಡಿ ತೋರಿಸ್ತೀನಿ."

ಮುಂದಿನ ಭಾನುವಾರದಿಂದಲೇ ಶುರುವಾಯಿತು. ಬೆಳಿಗ್ಗೆ ಮೆಟ್ರೋ ಹತ್ತಿ ಕೆಂಗೇರಿಗೆ, ಅಲ್ಲಿಂದ ಆಟೋದಲ್ಲಿ ಹಳ್ಳಿಗೆ. ಜೊತೆಯಲ್ಲಿ ಎರಡು ಪ್ಲಾಸ್ಟಿಕ್ ಬಾಂಡ್ಲಿ, ಒಂದು ಗುದ್ದಲಿ, ಬುತ್ತಿ. ಕೂತಲ್ಲೇ ಸರಿಯುತ್ತಾ ಕಲ್ಲು ಆರಿಸುವುದು, ಬಾಂಡ್ಲಿ ತುಂಬಿದಾಗ ಮೂಲೆಯಲ್ಲಿ ಸುರಿಯುವುದು. ದೊಡ್ಡವನ್ನೆಲ್ಲ ತೆಗೆದಳು, ಅಡಿಕೆ ಗಾತ್ರದವನ್ನೂ ತೆಗೆದಳು. ಜನವರಿಯಿಂದ ಮೇ ತಿಂಗಳವರೆಗೆ ಹತ್ತೊಂಬತ್ತು ಭಾನುವಾರ. ಮೂಲೆಯ ಗುಡ್ಡೆ ಅವಳ ಎದೆಮಟ್ಟ ಬೆಳೆಯಿತು. ಸೋಮವಾರ ಅಂಗಡಿಯಲ್ಲಿ ಬೆರಳು ಊದಿಕೊಂಡು ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ನನ್ನ ಒಂದು ರೇಷ್ಮೆ ರವಿಕೆ ನೆಂಟರ ಮದುವೆಯ ಹಿಂದಿನ ದಿನ ಕೈಸೇರಿದ್ದು ಆ ಕಾಲದಲ್ಲೇ.

ಮೂರರಲ್ಲಿ ಎರಡು ಭಾಗ ಹೊಲ ಹಸನಾಯಿತು. ನೋಡಲು ಕೆಂಪಗೆ, ನುಣ್ಣಗೆ, ಕುಂಕುಮ ಹರಡಿದ ಹಾಗಿತ್ತು. ಗುಲಾಬಿ ಹಾಕುವುದೆಂದು ತೀರ್ಮಾನಿಸಿ ಐವತ್ತು ಸಸಿ ತಂದು ನೆಟ್ಟಳು.

ಮೇ ಕೊನೆಯಲ್ಲಿ ಒಂದು ಸಂಜೆ ಮಳೆ ಹೊಡೆಯಿತು. ಒಂದೂವರೆ ಗಂಟೆ, ಅಷ್ಟೇ. ಭಾನುವಾರ ಹೋಗಿ ನೋಡಿದರೆ ಹೊಲದ ತುಂಬ ಮೊಣಕಾಲುದ್ದದ ಕೊರಕಲುಗಳು. ಅರ್ಧದಷ್ಟು ಗುಲಾಬಿ ಸಸಿಗಳು ಬೇರು ಮೇಲಾಗಿ ಬಿದ್ದಿದ್ದವು. ಐದು ತಿಂಗಳು ಹಸನು ಮಾಡಿದ ಮಣ್ಣು ಬದು ಹಾರಿ ಸೀನನ ತಾಕಿನಲ್ಲಿ ಹರಡಿಕೊಂಡಿತ್ತು. ಅವಳು ಕಲ್ಲಿನ ಗುಡ್ಡೆಗೆ ಒರಗಿ ಕೂತು ಅತ್ತಳು. ಮರೆಯಿಲ್ಲದ ಬಯಲಲ್ಲಿ, ಬಿಸಿಲಲ್ಲಿ, ಚೆನ್ನಾಗಿಯೇ ಅತ್ತೆ ಎಂದು ನನಗೆ ಹೇಳಿದಳು.

ಆಗ ಬಂದವರು ಹನುಮಯ್ಯ. ಎಪ್ಪತ್ತು ದಾಟಿದ ಮನುಷ್ಯ, ಅಪ್ಪನ ಸ್ನೇಹಿತ. ವಯಸ್ಸಿದ್ದಾಗ ಗರಸು ಅಗೆದು ಲಾರಿಗೆ ತುಂಬುವ ಕೂಲಿ ಮಾಡಿದವರು. ಈಗ ಎರಡು ಮೇಕೆ ಮೇಯಿಸಿಕೊಂಡು ಓಡಾಡುತ್ತಾರೆ.

"ಯಾಕವ್ವ ಅಳ್ತೀಯ? ಐದು ತಿಂಗಳಿಂದ ನೋಡ್ತಾ ಇದೀನಿ, ಹೇಳೋಣ ಅಂದ್ಕೊಂಡೆ. ಪಟ್ಟಣದೋಳು, ಏನೋ ಓದ್ಕೊಂಡು ಮಾಡ್ತಿರಬೋದು ಅಂತ ಸುಮ್ಕಾದೆ."

"ಹೇಳಬಾರದಿತ್ತಾ ಹನುಮಯ್ಯಣ್ಣ!" ಅವಳಿಗೆ ಸಿಟ್ಟೇ ಬಂತು.

ಅವರು ಅವಳನ್ನು ಎಬ್ಬಿಸಿದರು. ಕಲ್ಲು ಆರಿಸದೆ ಉಳಿದಿದ್ದ ಮೂರನೇ ಭಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದೇ ಒಂದು ಕೊರಕಲು ಇರಲಿಲ್ಲ. ಮಳೆ ಬಿದ್ದು ನಾಲ್ಕು ದಿನವಾಗಿತ್ತು, ಮೇಲೆಲ್ಲ ಒಣಗಿ ಬಿಳಿಚಿಕೊಂಡಿತ್ತು. ಹನುಮಯ್ಯ ಕೋಲಿನಿಂದ ಒಂದು ಕಲ್ಲನ್ನು ಹೊರಳಿಸಿ, "ಮುಟ್ಟು," ಎಂದರು. ಕಲ್ಲಿನಡಿಯ ಮಣ್ಣು ತಣ್ಣಗೆ, ಒದ್ದೆಯಾಗಿತ್ತು. ಇನ್ನೊಂದು ಕಲ್ಲು ಎತ್ತಿದಳು. ಅಲ್ಲೂ ಒದ್ದೆ.

"ಮಳೆ ಹನಿ ಬಂದು ಮೊದಲು ಹೊಡೆಯೋದು ಕಲ್ಲಿಗೆ. ಮಣ್ಣು ಅದರ ಮರೇಲಿ ಬದುಕ್ಕೊಳ್ತದೆ. ಬಿಸಿಲೂ ಅಷ್ಟೇ. ನೀನು ಹೊಲದ ಮೈಮೇಲಿನ ಬಟ್ಟೆ ಬಿಚ್ಚಿದೆ ತಾಯಿ. ಹೊಲಿಯೋಳು ನೀನು, ನಿಂಗೆ ಗೊತ್ತಾಗಬೇಕಿತ್ತು."

ಅವಳಿಗೆ ನಗು ಬಂದುಬಿಟ್ಟಿತು. ಅವರು ಒಂದು ಕಲ್ಲನ್ನು ಅವಳ ಅಂಗೈಯಲ್ಲಿಟ್ಟರು. ಅಂಚುಗಳೆಲ್ಲ ಸವೆದು ಉಂಡೆಯಾಗಿತ್ತು. "ಬೆಟ್ಟದ ಕಲ್ಲು ಹಿಂಗಿರಲ್ಲ, ಚೂಪಗಿರ್ತದೆ. ಇದು ನೀರಲ್ಲಿ ಉರುಳಿದ್ದು. ಯಾವ ಕಾಲದಲ್ಲೋ ಹಳ್ಳ ಇಷ್ಟು ಎತ್ತರದಲ್ಲೇ ಹರೀತಿತ್ತು. ಆಮೇಲೆ ಕೊರ್ಕೊಂಡು ಕೊರ್ಕೊಂಡು ಕೆಳಕ್ಕೆ ಇಳೀತು, ಇದು ಮೇಲೆ ಉಳ್ಕೊಂಡ್ತು. ಪಕ್ಕದವರ ತಾಕೂ ಹಿಂಗೇ ಇತ್ತು. ಅದನ್ನೆಲ್ಲ ಅಗೆದು ನಾವೇ ಲಾರಿಗೆ ತುಂಬಿದ್ವಿ. ಈಗ ಮಲ್ಲತ್ತಹಳ್ಳಿ ಕಡೆ ರಸ್ತೆಗಳ ಕೆಳಗೆ ಬಿದ್ದದೆ." ಆ ಮಾತನ್ನು ಹೇಳುವಾಗ ಅವರು ಪಕ್ಕದ ಗುಂಡಿಯನ್ನೇ ನೋಡುತ್ತಿದ್ದರು. ಅಲ್ಲಿ ಜಾಲಿ ಬೆಳೆದಿತ್ತು, ಬೇರೇನೂ ಇರಲಿಲ್ಲ.

ಜೂನ್ ತಿಂಗಳಿಡೀ ಶಶಿಕಲಾ ಕಲ್ಲುಗಳನ್ನು ವಾಪಸು ಹೊತ್ತಳು. ಈ ಸಲ ಅಂಜಿನಯ್ಯನೂ ಬಂದ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. "ಅಕ್ಕ, ಅದನ್ನ ಅಲ್ಲಿಂದ ತೆಗ್ದಿದ್ದು ನೀವೇ ಅಲ್ವಾ?" ಎಂದು ಒಬ್ಬಳು ಕೇಳಿದಳು. "ಹೂಂ ಕಣಮ್ಮ, ನಾನೇ," ಎಂದು ಇವಳು ಬಾಂಡ್ಲಿ ಎತ್ತಿಕೊಂಡಳು. ಸೀನ ಕೆಳಗಿನ ತಾಕಿನಲ್ಲಿ ಬೆನ್ನು ತಿರುಗಿಸಿಕೊಂಡು ಕಳೆ ಕೀಳುತ್ತಿದ್ದ. ಭಾಗವಾದಾಗಿನಿಂದ ಅಕ್ಕ ತಮ್ಮನ ನಡುವೆ ಮಾತಿರಲಿಲ್ಲ.

ಆ ವರ್ಷ ಹನುಮಯ್ಯ ಹೇಳಿದಂತೆ ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಹುರುಳಿ ಬಿತ್ತಿ, ಹೂ ಬರುವಾಗಲೇ ಗಿಡವನ್ನು ಗೊಬ್ಬರವಾಗಲೆಂದು ಮಣ್ಣಿಗೆ ಸೇರಿಸಿ ಉಳುಮೆ ಮಾಡಿಸಿದಳು. ಒಂದು ಟ್ರ್ಯಾಕ್ಟರ್ ಗೊಬ್ಬರ ತರಿಸಲು ಹೊರಟಾಗ ಅವರು ತಡೆದರು. ಈ ಮಣ್ಣಿನ ಹೊಟ್ಟೆ ಚಿಕ್ಕದು, ಒಂದೇ ಸಲ ಸುರಿದರೆ ಮಳೆಯ ಜೊತೆ ಇಳಿದು ಹೋಗುತ್ತದೆ, ಸ್ವಲ್ಪ ಸ್ವಲ್ಪವೇ ನಾಲ್ಕು ಸಲ ಹಾಕಬೇಕು ಎಂದರು. ಮರುವರ್ಷ ಅವರೆಕಾಳು ಬಿತ್ತಿದಳು. ಗಿಡ ಕುಳ್ಳಗಿತ್ತು, ಕಾಯಿ ಮಾತ್ರ ಗೊಂಚಲು ಗೊಂಚಲು. ಜನವರಿಯಲ್ಲಿ ಅಂಗಡಿಗೆ ಎರಡು ಚೀಲ ತಂದಿಟ್ಟಿದ್ದಳು. ಆ ವಾರ ಅವಳು ಹೊಲಿದುಕೊಟ್ಟ ಬಟ್ಟೆಗಳಿಗೆಲ್ಲ ಅವರೆಕಾಯಿ ಸೊಗಡಿನ ವಾಸನೆ.

ಅದರ ಮುಂದಿನ ಸೆಪ್ಟೆಂಬರಿನಲ್ಲಿ ಮಳೆ ನಿಲ್ಲಲೇ ಇಲ್ಲ. ಐದು ದಿನ ಹಗಲೂ ರಾತ್ರಿ ಸುರಿಯಿತು. ಭಾನುವಾರ ಶಶಿಕಲಾ ಹೋದಾಗ ಕೆಳಗಿನ ತಾಕಿನಲ್ಲಿ ಮೀನಖಂಡದವರೆಗೆ ನೀರು ನಿಂತಿತ್ತು. ಕೊತ್ತಂಬರಿ, ದಂಟು, ಪಾಲಕ್ ಎಲ್ಲ ಕೊಳೆತು ಮಲಗಿದ್ದವು. ಸೀನ ಬದುವಿನ ಮೇಲೆ ಟವೆಲು ತಲೆಗೆ ಹಾಕಿಕೊಂಡು ನಿಂತಿದ್ದ. ಅವಳು ತನ್ನ ತಾಕಿನಲ್ಲಿ ನಡೆದಳು. ಮಳೆ ನಿಂತು ಎರಡು ಗಂಟೆಯೂ ಆಗಿರಲಿಲ್ಲ. ಆದರೂ ಪಾದ ಹೂಳಲಿಲ್ಲ, ಚಪ್ಪಲಿಗೆ ಕೆಸರು ಅಂಟಲಿಲ್ಲ. ಅವರೆ ಸಾಲುಗಳ ಮಧ್ಯೆ ಸಣ್ಣ ಕಲ್ಲುಗಳು ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು.

"ಸೀನ, ಮೇಲೆ ಬಾರೋ."

ಅವನು ತಿರುಗಿ ನೋಡಿದ. "ಯಾಕಕ್ಕ?"

"ಮೂಡಲ ಕಡೆ ನಾಲ್ಕು ಗುಂಟೆ ಖಾಲಿ ಬಿಟ್ಟಿದೀನಿ. ನೆಲ ಇವತ್ತೇ ಕೆಲಸಕ್ಕೆ ಬರುತ್ತೆ. ಕೊತ್ತಂಬರಿ ಬೀಜ ಇದ್ರೆ ತಗೊಂಬಾ."

ಅವನು ಮೆಲ್ಲಗೆ ಹತ್ತಿ ಬಂದು ನಿಂತ. ಕಾಲಲ್ಲಿ ನೆಲವನ್ನು ಒತ್ತಿ ನೋಡಿದ. "ಅಕ್ಕ, ಅವತ್ತು ನಾನು... ಇದು ಏನೂ ಬೆಳೆಯಲ್ಲ ಅಂತ ಗೊತ್ತಿದ್ದೇ ನಿಂಗೆ ಕೊಟ್ಟಿದ್ದು."

"ನಂಗೂ ಗೊತ್ತಿತ್ತು. ಕಲ್ಲು ಆರಿಸೋವಾಗ ಒಂದೊಂದು ಕಲ್ಲಿಗೂ ನಿನ್ನ ಬೈದಿದೀನಿ ಕಣೋ. ಎಷ್ಟು ಕಲ್ಲು ಅಂತ ನೀನೇ ನೋಡಿದೀಯಲ್ಲ."

ಸೀನ ನಕ್ಕ, ನಗುತ್ತಲೇ ಟವೆಲಿನಿಂದ ಕಣ್ಣು ಒರೆಸಿಕೊಂಡ. ಮಧ್ಯಾಹ್ನ ಬೀಜ ತಂದ. ಅಕ್ಕ ತಮ್ಮ ಇಬ್ಬರೂ ಕೂತು ಕೊತ್ತಂಬರಿಯನ್ನು ಚಪ್ಪಲಿಯಡಿ ಉಜ್ಜಿ ಎರಡೆರಡು ಹೋಳು ಮಾಡಿ, ಕತ್ತಲಾಗುವುದರೊಳಗೆ ಚೆಲ್ಲಿದರು. ಮತ್ತೆ ಮಳೆ ಬಂತು, ನೀರು ನಿಲ್ಲಲಿಲ್ಲ. ನಲವತ್ತು ದಿನಕ್ಕೆ ಸುತ್ತಮುತ್ತ ಎಲ್ಲೂ ಇಲ್ಲದ ಸೊಪ್ಪು ಅವರ ಮೇಲಿನ ತಾಕಿನಲ್ಲಿತ್ತು.

ಈಗ ಅವರಿಬ್ಬರ ಲೆಕ್ಕಾಚಾರವೇ ಬೇರೆ. ಮಳೆಗಾಲದ ಸೊಪ್ಪು ಮೇಲೆ, ಬೇಸಿಗೆಯ ಸೊಪ್ಪು ಕೆಳಗೆ. ಬೇಸಿಗೆಯಲ್ಲಿ ಗರಸು ಬೇಗ ಕಾಯುತ್ತದೆ, ಅಲ್ಲಿ ನೀರು ಹಾಯಿಸಿ ಪ್ರಯೋಜನವಿಲ್ಲ. ಎರೆಮಣ್ಣು ತೇವ ಹಿಡಿದಿಟ್ಟುಕೊಳ್ಳುತ್ತದೆ. ಪತ್ರದಲ್ಲಿ ಎರಡು ಹೆಸರು ಹಾಗೆಯೇ ಇವೆ, ನಡುವಿನ ಬದುವಿಗೆ ಮಾತ್ರ ಹತ್ತಿ ಇಳಿಯಲು ಮೆಟ್ಟಿಲು ಕಡಿದಿದ್ದಾರೆ.

ನಾನು ಹೋದದ್ದು ಹೋದ ತಿಂಗಳು. ಶಶಿಕಲಾ ಬದುವಿನುದ್ದಕ್ಕೂ ಸೀತಾಫಲದ ಗುಂಡಿ ತೆಗೆಸುತ್ತಿದ್ದಳು. ಇಂಥ ನೆಲದಲ್ಲಿ ಸೀತಾಫಲದ ಬೇರು ಉಸಿರಾಡಿಕೊಂಡಿರುತ್ತದೆ ಎಂದು ಹನುಮಯ್ಯ ಬೇವಿನ ನೆರಳಲ್ಲಿ ಕೂತು ನನಗೆ ವಿವರಿಸಿದರು. ಹಣ್ಣಿಗೆ ಮೂರು ನಾಲ್ಕು ವರ್ಷ ಬೇಕಂತೆ. "ನೀವೂ ಇರಬೇಕು ಹನುಮಯ್ಯಣ್ಣ, ಮೊದಲನೇ ಹಣ್ಣು ನಿಮಗೇ," ಎಂದಳು ಶಶಿಕಲಾ. "ಇರ್ತೀನಿ, ನಂಗೇನು ಅವಸರ," ಎಂದರು ಅವರು.

ನಿನ್ನೆ ನಾನು ರವಿಕೆ ತರಲು ಅಂಗಡಿಗೆ ಹೋದಾಗ ಸೀನನ ಫೋನು ಬಂತು. ಮೋಡ ಕಟ್ಟಿದೆ, ನಾಳೆ ಬೆಳಿಗ್ಗೆಯೇ ಬಿತ್ತೋಣವಾ ಎಂದು ಕೇಳುತ್ತಿದ್ದ. ನಾಳೆ ಭಾನುವಾರವೇನೂ ಅಲ್ಲ. ಶಶಿಕಲಾ ಗುಂಡುಸೂಜಿಗಳನ್ನು ಬಾಯಿಂದ ತೆಗೆದು, "ಬರ್ತೀನಿ, ಮೊದಲನೇ ಮೆಟ್ರೋನೇ ಹತ್ತೀನಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ನಿಮ್ದು ನಾಳಿದ್ದು ಕೊಟ್ರೆ ಪರವಾಗಿಲ್ವಾ?" ಎಂದು ಕೇಳಿದಳು. ಪರವಾಗಿಲ್ಲ ಎಂದೆ.