ಕೊನೆಯ ಕುರ್ಚಿಯ ಒಪ್ಪಿಗೆ

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಎದುರು, ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ನಮಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮೇಷ್ಟ್ರಿಗೆ ಒಂದು ಪದದ ಮೇಲೆ ವಿಪರೀತ ಮೋಹ: ಇನ್‌ಡಿಸ್‌ಪ್ಯೂಟಬಲ್. ಯಾರೂ ಅಲ್ಲಗಳೆಯಲಾಗದ್ದು. ಪ್ರತಿ ಸಂಜೆ ತರಗತಿಯ ಕೊನೆಗೆ ಆ ಪದ ಸೇರಿಸಿ ದಿನಬಳಕೆಯ ಒಂದು ವಾಕ್ಯ ಹೇಳಬೇಕು. ಮಿಕ್ಕವರು ಅದನ್ನು ಅಲ್ಲಗಳೆಯಲು ನೋಡಬೇಕು. ಯಾರಿಂದಲೂ ಆಗದಿದ್ದರೆ ಹೇಳಿದವರು ಮನೆಗೆ ಹೋಗಬಹುದು. ಒಬ್ಬ ಚಳಿ ಜಾಸ್ತಿ ಎಂದರೆ ಇನ್ನೊಬ್ಬ, "ನಂಗೇನ್ ಚಳಿ ಇಲ್ಲ ಕಣ್ಲಾ, ಕೂತ್ಕೊ" ಎಂದು ಕೂರಿಸಿಬಿಡುತ್ತಿದ್ದ.

ಮೇಷ್ಟ್ರು ಸೀಮೆಸುಣ್ಣ ಮೆತ್ತಿದ ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಾ, "ಇಲ್ಲ ಅನ್ನೋರು ಯಾರಾರ ಇದ್ದೀರಾ?" ಎಂದು ಎಲ್ಲರ ಮುಖ ನೋಡುತ್ತಿದ್ದರು. ಕಿಟಕಿ ಪಕ್ಕದ ಕೊನೆಯ ಖಾಲಿ ಕುರ್ಚಿಯ ಕಡೆಗೂ ತಿರುಗಿ ಅಷ್ಟೇ ಮರ್ಯಾದೆಯಿಂದ ಕೇಳುತ್ತಿದ್ದರು. ನಾವು ನಗು ತಡೆದುಕೊಳ್ಳುತ್ತಿದ್ದೆವು.

ಒಂದು ಸಂಜೆ ನನಗೆ ಬೇಗೂರಿನ ಬಸ್ ಹಿಡಿಯುವ ಆತುರ. ಮನೆಯಲ್ಲಿ ಹಸು ಈಯುವ ಹೊತ್ತು, ಅಮ್ಮ ಒಬ್ಬಳೇ ಇದ್ದಳು. ಯಾರೂ ಎದುರಾಡಲಾಗದ ವಾಕ್ಯ ಬೇಕಿತ್ತು. ಎದ್ದು ನಿಂತು, ಕೊನೆಯ ಕುರ್ಚಿ ಖಾಲಿ ಇದೆ, ಅದು ಇನ್‌ಡಿಸ್‌ಪ್ಯೂಟಬಲ್ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಮೇಷ್ಟ್ರು ಎಲ್ಲರನ್ನೂ ಕೇಳಿದರು. ಯಾರೂ ಅಲ್ಲಗಳೆಯಲಿಲ್ಲ. ನಾನು ಬ್ಯಾಗು ಹೆಗಲಿಗೇರಿಸಿದೆ. ಅವರು ಕುರ್ಚಿಯನ್ನೂ ಕೇಳಿ, ಕಿವಿಗೊಟ್ಟು ನಿಂತರು. ನಿಂತೇ ಇದ್ದರು. ಕೆಳಗೆ ನನ್ನ ಬಸ್ಸು ಹಾರ್ನ್ ಹೊಡೆದು ಹೊರಟಿತು.

ಆಮೇಲೆ ಅವರು ಸರಿ ಎನ್ನುವಂತೆ ಕುರ್ಚಿಗೆ ತಲೆಯಾಡಿಸಿ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಕೂತ್ಕೊ ಕಣಮ್ಮಿ. ಅವ್ರು ಒಪ್ತಾ ಇಲ್ಲ."