ಕೆಮ್ಮುವ ಕಾರು ಮತ್ತು ಶಟ್ಟೆಪ್ಪ

ಬೈಲಹೊಂಗಲದ ಹತ್ತಿ ವ್ಯಾಪಾರಿ ಮಡಿವಾಳೆಪ್ಪನವರ ಕಾರು ಓಡಿಸುತ್ತಿದ್ದ ಶಟ್ಟೆಪ್ಪನಿಗೆ ಯಾರ ಮೇಲೂ ಹೇಳಿಕೊಳ್ಳುವಂಥ ಗೌರವವಿರಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಗೇರ್ ಹಾಕಲು ಹೇಳಿಕೊಡುವ ಸಾಹುಕಾರರ ಮೇಲಂತೂ ಇರಲೇ ಇಲ್ಲ. ಮೆಕ್ಯಾನಿಕ್ ಶಂಕರೆಪ್ಪ ಮುಂಬೈಯಲ್ಲಿ ಕೆಲಸ ಕಲಿತು ಬಂದವನೆಂದು ಊರು ನಂಬಿತ್ತು. ಅಲ್ಲಿ ಅವನು ಕಲಿತದ್ದು ಗಂಭೀರವಾಗಿ ತಲೆದೂಗುವುದೊಂದನ್ನೇ ಎಂಬುದು ಶಟ್ಟೆಪ್ಪನ ತೀರ್ಮಾನ.

ಎಪ್ಪತ್ತಮೂರರ ದೀಪಾವಳಿಯ ಹೊತ್ತಿಗೆ ಕಾರಿಗೆ ರೋಗ ಹತ್ತಿತು. ಬಯಲು ರಸ್ತೆಯಲ್ಲಿ ಜೋರಾಗಿ ಬಿಟ್ಟರೆ ತಕರಾರಿಲ್ಲ. ಊರೊಳಗೆ ನಿಧಾನ ಮಾಡಿದರೆ ಎಂಜಿನ್ ಕೆಮ್ಮಿ, ಜಗ್ಗಾಡಿ, ಢಬ್ಬೆಂದು ಸಿಡಿಯುತ್ತಿತ್ತು.

"ಕಾರ್ಬೊರೇಟರ್ ಹೋಗೇತ್ರಿ ಸಾಹುಕಾರ್ರ. ಹುಬ್ಬಳ್ಳಿಯಿಂದ ಹೊಸಾದು ತರಸ್ರಿ," ಎಂದ ಶಂಕರೆಪ್ಪ.

ಹೊಸದು ಬಂತು. ಕಾರು ಮೊದಲಿನಂತೆಯೇ ಸಿಡಿಯಿತು. ಪ್ಲಗ್ ಬದಲಾಯಿತು, ಕಾಯಿಲ್ ಬದಲಾಯಿತು. "ರೋಗ ಹಳೇದೈತ್ರಿ, ಔಷಧ ಹತ್ತಾಕ ಟೈಮ್ ಬೇಕು," ಎಂದು ಶಂಕರೆಪ್ಪ ಸಮಾಧಾನ ಹೇಳಿದ.

"ಇವ ಡಾಕ್ಟರ್ ಆಗಿದ್ರ ಊರ ಸುಡುಗಾಡಿಗೆ ಜಾಗಾ ಸಾಲ್ತಿರಲಿಲ್ಲ," ಎಂದು ಶಟ್ಟೆಪ್ಪ ಮನೆಗೆ ಹೋಗಿ ಹೆಂಡತಿ ಸಾವಂತ್ರೆವ್ವನ ಮುಂದೆ ಆಡಿಕೊಂಡ. ಪೆಟ್ರೋಲೇ ಕಲಬೆರಕೆ ಎಂದು ಸಾರಿ, ಟ್ಯಾಂಕು ಖಾಲಿ ಮಾಡಿ, ಧೋತರದ ಬಟ್ಟೆಯಲ್ಲಿ ಸೋಸಿ ತುಂಬಿದ. ಕಾರು ಮನೆಯ ಮುಂದೆಯೇ ಢಬ್ಬೆಂದಿತು.

ಸಾಹುಕಾರರ ಬೀಗರ ಮನೆಗೆ ಹೋಗುವಾಗ ಸವದತ್ತಿಯ ಪೇಟೆಯಲ್ಲಿ ಮಾನ ಹೋಯಿತು. ಸಿಡಿದ ಸದ್ದಿಗೆ ಚಕ್ಕಡಿಯ ಎತ್ತುಗಳು ಬೆದರಿ ಬದನೆಕಾಯಿಯ ಬುಟ್ಟಿಗಳ ಮೇಲೆ ನುಗ್ಗಿದವು. ಕಾಯಿಪಲ್ಯ ಮಾರುವ ಕೃಷ್ಣವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಣ್ಣಾ, ಇದನ್ನ ಓಡಸಾಕ ಬಂದೀಯೋ, ಇದರ ಕಡಿಂದ ಬೈಸ್ಕೊಳ್ಳಾಕ ಬಂದೀಯೋ?"

ಪೇಟೆಯೆಲ್ಲ ನಕ್ಕಿತು. ಸಾಹುಕಾರರು ಟವೆಲಿನಿಂದ ಮುಖ ಮುಚ್ಚಿಕೊಂಡರು. ಇನ್ನೊಬ್ಬರನ್ನು ಹೀಯಾಳಿಸಿಯೇ ಗೊತ್ತಿದ್ದ ಶಟ್ಟೆಪ್ಪನಿಗೆ ಇದು ಎದೆಗೆ ನಾಟಿತು.

ಬೀಗರ ಮನೆಯಲ್ಲಿ ಸಾಹುಕಾರರು ಹೋಳಿಗೆ ಉಣ್ಣುತ್ತಿರುವಾಗ ಅವನು ಹೊರಗೆ ಬಾನೆಟ್ ಎತ್ತಿದ. ಈ ಸಲ ಯಾರನ್ನೂ ಬೈಯದೆ ಯೋಚಿಸಿದ. ಜೋರಾಗಿ ಓಡುವಾಗ ಸರಿಯಿದ್ದರೆ ಪೆಟ್ರೋಲೂ ಸರಿ, ಕಿಡಿಯೂ ಸರಿ. ನಿಧಾನವಾದಾಗ ಮಾತ್ರ ಕೆಡುತ್ತದೆಂದರೆ ಎಂಜಿನ್ ಎಲ್ಲಿಂದಲೋ ಬೇಡದ ಗಾಳಿ ಎಳೆಯುತ್ತಿರಬೇಕು. ಎಂಜಿನ್ ಚಾಲೂ ಇಟ್ಟು, ಗಾಳಿ-ಪೆಟ್ರೋಲು ಒಳಹೋಗುವ ಕೊಳವೆಯ ಜೋಡಣೆಯಂಚಿಗೆ ಹನಿಹನಿಯಾಗಿ ಎಣ್ಣೆ ಬಿಟ್ಟ. ಹಿಂದಿನ ಮೂಲೆಯಲ್ಲಿ ಎಣ್ಣೆ ಸರ್ರನೆ ಒಳಗೆ ಹೋಯಿತು. ಕೆಮ್ಮು ಒಂದು ಗಳಿಗೆ ನಿಂತಿತು.

ಬಿಚ್ಚಿ ನೋಡಿದರೆ ಅಲ್ಲಿಯ ಸಂದು ಮುಚ್ಚುವ ಗ್ಯಾಸ್ಕೆಟ್ ಹರಿದಿತ್ತು. ದಸರೆಯಲ್ಲಿ ಆ ಜಾಗ ಬಿಚ್ಚಿದ್ದ ಶಂಕರೆಪ್ಪ ಹಳೆಯದನ್ನೇ ತಿರುಗಿ ಹಾಕಿದ್ದ. ಶಟ್ಟೆಪ್ಪ ಪೇಟೆಯಿಂದ ಹೊಸದು ತಂದು ಕೂರಿಸಿದ. ಮರಳುವಾಗ ಕಾರು ಕೃಷ್ಣವ್ವನ ಬುಟ್ಟಿಗಳ ಪಕ್ಕದಲ್ಲಿ ಬೆಕ್ಕಿನಂತೆ ಸಾಗಿತು. ಆಕೆ ತಲೆಯೆತ್ತಿಯೂ ನೋಡಲಿಲ್ಲ.

ಊರಿಗೆ ಬಂದು ಶಂಕರೆಪ್ಪನಿಗೆ ಹೇಳಿದರೆ ಅವನು, "ನಾ ಅದನ್ನ ಹೇಳಾವ ಇದ್ದೆ, ನೀ ಅವಸರ ಮಾಡಿದಿ," ಎಂದ.

ಮರುವಾರ ಅಂಗಡಿಯಲ್ಲಿ ಸಾಹುಕಾರರು ನೆಂಟರ ಮುಂದೆ ಕೊಚ್ಚಿಕೊಳ್ಳುತ್ತಿದ್ದರು: "ಶಂಕರೆಪ್ಪನ ಕೈಗುಣ ನೋಡ್ರಿ. ಹೊಸಾ ಕಾರ್ಬೊರೇಟರ್ ಈಗ ಹೊಂದಿಕೊಂಡೈತಿ."

ಬಾಗಿಲಲ್ಲಿದ್ದ ಶಟ್ಟೆಪ್ಪನ ಬಾಯಿ ಸುಮ್ಮನಿರಲಿಲ್ಲ. "ಹೊಂದಿಕೊಳ್ಳಾಕ ಅದೇನು ಹೊಸಾ ಸೊಸಿ ಏನ್ರಿ? ನಿಮಗ ತಿಳಿದಿದ್ದು ಹತ್ತಿ. ಹತ್ತಿದ ಮಾತಾಡ್ರಿ."

ಸಂಜೆಯೊಳಗೆ ಕೆಲಸ ಹೋಯಿತು.

"ಬಾಯಿ ಮುಚ್ಕೊಂಡಿದ್ರ ಏನಾಗತಿತ್ತು?" ಎಂದಳು ಸಾವಂತ್ರೆವ್ವ.

"ಕಾರು ಸುಮ್ಮನಾಗೇತಿ. ನಾನೂ ಸುಮ್ಮನಾದ್ರ ಅವರು ಹೇಳಿದ್ದ ಖರೇ ಆಗತೈತಿ."

ನವಿಲುತೀರ್ಥದ ಕಾಲುವೆ ಕೆಲಸದಲ್ಲಿ ಅವನಿಗೆ ಓಡಿಸಲು ಜೀಪು ಸಿಕ್ಕಿತು. ಅಲ್ಲಿಯೂ ಹಿಂದೆ ಕೂತ ಸಾಹೇಬರು ಗೇರಿನ ಬಗ್ಗೆ ಸಲಹೆ ಕೊಡುತ್ತಿದ್ದರು. ಶಟ್ಟೆಪ್ಪ "ಹೌದ್ರಿ" ಎನ್ನುತ್ತಿದ್ದ, ತನಗೆ ತಿಳಿದಂತೆಯೇ ಓಡಿಸುತ್ತಿದ್ದ.