ನವೈದಾಮುವಿನ ಬಸುರಿಯರ ಬೂಬೂ

ಬೆಳಗಿನ ಐದು ಗಂಟೆ. ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಮೀನಿಗೆ ಬಳಸುವ ಐಸ್ ತುಂಬಿದ ಡಬ್ಬವನ್ನು ಹೆಗಲಿಗೆ ನೇತುಹಾಕಿಕೊಂಡ ಉಲಾಮಿಲಾ ಲೈಸಾನಿಯ ಮನೆ ಬಾಗಿಲು ತಟ್ಟುತ್ತಾರೆ. ಆರು ತಿಂಗಳ ಬಸುರಿ ಲೈಸಾನಿ ಕಣ್ಣುಜ್ಜಿಕೊಂಡು ಬಂದು ನಾಲಿಗೆ ಕಚ್ಚಿಕೊಳ್ಳುತ್ತಾಳೆ.

"ಅಯ್ಯೋ ಬೂಬೂ, ಮರ್ತೇಬಿಟ್ಟೆ. ಆಗ್ಲೇ ಹೋಗ್ಬಂದೆ."

"ಎದ್ದ ತಕ್ಷಣದ ಮೊದಲ್ನೇದೇ ಬೇಕು ಅಂತ ಎಷ್ಟು ಸಲ ಬಡ್ಕೊಳ್ಲಿ? ನಾಳೆ ನಾಲ್ಕಕ್ಕೇ ಬಂದು ನಿನ್ನ ಚಾಪೆ ಮೇಲೆ ಕೂತ್ಕೋತೀನಿ, ನೋಡ್ತಿರು."

ಐವತ್ತೆಂಟರ ಉಲಾಮಿಲಾ ನವೈದಾಮು ಎಂಬ ಈ ದ್ವೀಪದ ಊರಿನ ಆರೋಗ್ಯ ಸಹಾಯಕಿ. ಚಿಕ್ಕವರೆಲ್ಲರಿಗೂ ಅವರು ಬೂಬೂ, ಅಂದರೆ ಅಜ್ಜಿ. ವಾರದಲ್ಲಿ ಎರಡು ದಿನ ಹತ್ತೊಂಬತ್ತು ಬಸುರಿಯರ ಮೂತ್ರವನ್ನು ಪುಟ್ಟ ಬಾಟಲಿಗಳಲ್ಲಿ ಸಂಗ್ರಹಿಸುತ್ತಾರೆ. ಹನ್ನೊಂದು ಕಿಲೋಮೀಟರು ನಡಿಗೆ. ಐಸ್ ಕರಗುವುದರೊಳಗೆ ಬಸ್ಸು ಹಿಡಿದು ಆಸ್ಪತ್ರೆಗೆ ಮುಟ್ಟಿಸಬೇಕು. ಕಬ್ಬಿನ ಗದ್ದೆಯ ಕಳೆನಾಶಕ ಬಸುರಿಯ ಮೈಯಲ್ಲಿ ಎಷ್ಟು ಸೇರಿದೆ, ಆತಂಕದ ಹಾರ್ಮೋನು ಎಷ್ಟು ಏರಿದೆ ಎಂದು ಅಲ್ಲಿಂದ ಮುಂದೆ ಪ್ರಯೋಗಾಲಯದವರು ನೋಡುತ್ತಾರೆ. ದಾರಿಯಲ್ಲಿ ಗಂಡಸರದ್ದು ಒಂದೇ ತಮಾಷೆ: "ಬೂಬೂ, ಇವತ್ತಿನ ಹೆಂಡ ಎಷ್ಟು ಬಾಟ್ಲಿ?" ಉಲಾಮಿಲಾರ ಬಳಿಯೂ ಉತ್ತರ ಸಿದ್ಧ: "ಬಾ, ನಿಂಗೇ ಮೊದಲ ಲೋಟ."

ಐದು ವರ್ಷದ ಕೆಳಗೆ ಈ ಕೆಲಸಕ್ಕೆ ಒಪ್ಪಿದಾಗ ಹಾರ್ಮೋನು ಎಂಬ ಶಬ್ದವನ್ನೇ ಅವರು ಕೇಳಿರಲಿಲ್ಲ. ಈಗ ಯಾರಿಗೆ ಬೇಕಾದರೂ ಬಿಡಿಸಿ ಹೇಳುತ್ತಾರೆ. "ತಾಯಿ ಮೈಯಿಂದ ಮಗೂಗೆ ದಿನಾ ಮಾತು ಹೋಗ್ತಿರುತ್ತೆ. ಈಗ ಕೈಕಾಲು ಬೆಳಸ್ಕೋ, ಈಗ ನಿದ್ದೆ ಮಾಡು ಅಂತ. ನಡುವೆ ಆ ಗದ್ದೆ ಔಷಧಿ ಬಾಯಿ ಹಾಕುತ್ತೆ, ಹೆದರಿಕೆ ಬಾಯಿ ಹಾಕುತ್ತೆ. ಪಾಪ, ಮಗೂಗೆ ಏನು ಕೇಳ್ಸುತ್ತೆ ಹೇಳಿ?"

ಇಷ್ಟು ಸರಳವಾಗಿ ಹೇಳುವ ಈ ಹೆಂಗಸು ಇದನ್ನು ಕಲಿತ ಬಗೆ ನೆನೆದರೆ, ಅವರ ಬಗ್ಗೆ ಬರೆಯಲೆಂದು ಜೊತೆಗೆ ನಡೆಯುತ್ತಿರುವ ನನಗೆ ಸಂಕಟವಾಗುತ್ತದೆ.

ನವೈದಾಮುವಿನ ಹೆಂಗಸರು ಎದೆಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದ ತಡವಿ ಹೊಳೆಯ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುವವರು. ಸಂತೆಗೆ ಹೋಗುವುದು ಅದೇ, ಮನೆಯ ಒಲೆಯ ಮೇಲಿರುವುದೂ ಅದೇ. ಬಸುರಿಗೆ ಮರುವಾಯಿಯ ಸಾರು ಕುಡಿಸಿದರೆ ಎದೆಹಾಲು ಉಕ್ಕುತ್ತದೆ ಎಂಬುದು ತಲೆತಲಾಂತರದ ನಂಬಿಕೆ. ಮಗಳು ವಾಸಿತಿ ಬಸುರಾದಾಗ ಉಲಾಮಿಲಾ ಐದು ತಿಂಗಳು ಒಂದು ದಿನವೂ ತಪ್ಪಿಸದೆ ಸಾರು ಕಾಯಿಸಿ, ತೆಂಗಿನ ಹಾಲು ಬೆರೆಸಿ ಕುಡಿಸಿದರು. ಅತಿ ದಪ್ಪನೆಯ ಚಿಪ್ಪು ಸಿಗುತ್ತಿದ್ದುದು ಕಬ್ಬಿನ ಗದ್ದೆಗಳ ಕಾಲುವೆ ಹೊಳೆಗೆ ಬೀಳುವ ಜಾಗದಲ್ಲಿ. ಮಗಳಿಗೆಂದು ಅಲ್ಲಿಂದಲೇ ಹೆಕ್ಕಿ ತಂದರು.

ಏಳನೇ ತಿಂಗಳಲ್ಲಿ ಗಂಡುಮಗು ಹುಟ್ಟಿತು. ಉಸಿರಾಡಲಿಲ್ಲ. ಮನೆಯ ಹಿಂದೆ ದೀವಿಹಲಸಿನ ಮರದಡಿ ಮಣ್ಣು ಮಾಡಿದರು.

ಅದಾಗಿ ಒಂದು ವರ್ಷಕ್ಕೆ ಪ್ರಯೋಗಾಲಯದ ಮೊದಲ ವರದಿ ಬಂತು. ಕಾಲುವೆ ಬಾಯಿಯ ಚಿಪ್ಪು ತಿಂದ ಬಸುರಿಯರ ಮೂತ್ರದಲ್ಲಿ ಕಳೆನಾಶಕದ ಅಂಶ ಹೆಚ್ಚು, ಆಸ್ಪತ್ರೆಯಲ್ಲಿ ತೆಗೆದ ಕೆಲವರ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆ. ಆ ಬಸುರಿನಲ್ಲಿ ವಾಸಿತಿಯದೂ ಕಡಿಮೆಯೇ ಇತ್ತು. ಓದಿ ಹೇಳಿದ ನರ್ಸ್ ಕುಸುಮ್ ಲತಾಳ ಕೈ ಹಿಡಿದು ಉಲಾಮಿಲಾ ಕೇಳಿದ್ದು ಒಂದೇ: "ನನ್ನ ಸಾರೇನಮ್ಮಾ?"

"ಅದೇ ಕಾರಣ ಅಂತ ಹೇಳಕ್ಕಾಗಲ್ಲ ಬೂಬೂ," ಎಂದಳು ಕುಸುಮ್. "ಆ ವರ್ಷ ಚಂಡಮಾರುತ ನಿಮ್ಮನೆ ಸೂರು ಹಾರಿಸ್ತು. ಎರಡು ತಿಂಗಳು ಸ್ಕೂಲ್ ನೆಲದ ಮೇಲೆ ಮಲಗಿದ್ರಿ. ಅವಳ ಆತಂಕದ ಹಾರ್ಮೋನೂ ಮೇಲೇ ಇತ್ತು. ಯಾವುದರಿಂದ ಎಷ್ಟು, ಯಾರಿಗೂ ಗೊತ್ತಿಲ್ಲ."

"ಅಲ್ಲ ಅಂತಾದ್ರೂ ಹೇಳು."

"ಅದನ್ನೂ ಹೇಳಕ್ಕಾಗಲ್ಲ."

ಮುಂದಿನ ಭಾನುವಾರ ಚರ್ಚಿನ ಹೆಂಗಸರ ಸಭೆಯಲ್ಲಿ ಉಲಾಮಿಲಾ ಎದ್ದು ನಿಂತು, ಕಾಲುವೆ ಬಾಯಿಯ ಚಿಪ್ಪನ್ನು ಬಸುರಿಯರು ಮುಟ್ಟಬಾರದು ಎಂದರು. ಸಭೆ ಉರಿದುಬಿತ್ತು. "ಸಂತೇಲಿ ಯಾರು ಕೊಳ್ತಾರೆ ಇನ್ನು? ನಮ್ಮ ಹೊಟ್ಟೆ ಮೇಲೆ ಹೊಡೀತಿದೀಯ!" "ನಮ್ಮಜ್ಜಿ ತಿಂದು ಹನ್ನೊಂದು ಹೆರಲಿಲ್ವಾ?"

"ನಿಮ್ಮಜ್ಜಿ ಕಾಲದಲ್ಲಿ ಗದ್ದೆಗೆ ಔಷಧಿ ಎಲ್ಲಿತ್ತೇ? ನಾನು ನನ್ನ ಮಗಳಿಗೆ ಅಲ್ಲಿಂದ್ಲೇ ತಂದು ಕುಡಿಸ್ದೆ. ನನ್ನ ಕೈಯಾರೆ," ಎಂದರು ಉಲಾಮಿಲಾ. ಅಂದಿನಿಂದ ಬಸುರಿಯರು ಆ ಚಿಪ್ಪು ಬಿಟ್ಟರು. ಕಾಲುವೆ ಮಾತ್ರ ಇಂದಿಗೂ ಹರಿಯುತ್ತಿದೆ. ಗದ್ದೆಯವರಿಗೆ ಹೇಳಬೇಕಾದವರು ಯಾರೂ ಹೇಳಿಲ್ಲ. ಬಸುರಿಯರ ಪಾಲಿನ ಚಿಪ್ಪನ್ನು ಈಗ ಉಲಾಮಿಲಾ ಹೊಳೆಯ ಗುಂಟ ಎರಡು ಗಂಟೆ ಮೇಲಕ್ಕೆ ನಡೆದು, ಗದ್ದೆಗಳು ಶುರುವಾಗುವ ಮುಂಚಿನ ಮಡುವಿನಿಂದ ತರುತ್ತಾರೆ. ಕೇಳಿದವರಿಲ್ಲ, ಸಂಬಳವೂ ಇಲ್ಲ.

ಕೊನೆಯ ಬಾಟಲಿ ವಾಸಿತಿಯದು. ಅವಳು ಮತ್ತೆ ಬಸುರಿ, ಈಗ ಎಂಟು ತಿಂಗಳು. ದಿನಾ ಥೈರಾಯ್ಡ್ ಮಾತ್ರೆ ನುಂಗುತ್ತಾಳೆ. ಗಾಳಿ ಜೋರಾಗಿ ಬೀಸಿದರೆ ಸೂರನ್ನೇ ನೋಡುತ್ತಾ ಕೂರುತ್ತಾಳೆ. ತಾಯಿ ಐಸ್ ಡಬ್ಬ ಮುಚ್ಚುವಾಗ ಅವಳು ನನ್ನ ಬಳಿ ತಗ್ಗಿದ ದನಿಯಲ್ಲಿ ಹೇಳುತ್ತಾಳೆ: "ಅಮ್ಮ ತಪ್ಪು ಮಾಡಿದ್ಳು ಅಂತ ನಾನು ಒಂದಿನಾನೂ ಅಂದಿಲ್ಲ. ಅವಳೇ ದಿನಾ ಅಂದ್ಕೋತಾಳೆ. ಅದನ್ನ ನೋಡೋದೇ ನಂಗೆ ಕಷ್ಟ."

ಬಸ್ಸಿಗೆ ಇನ್ನು ಹತ್ತು ನಿಮಿಷವಿದೆ. ರಸ್ತೆ ಬದಿಯ ದಿಮ್ಮಿಯ ಮೇಲೆ ಕುಳಿತ ಉಲಾಮಿಲಾ ಕಾಲು ನೀವಿಕೊಳ್ಳುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ಡಬ್ಬದ ಮುಚ್ಚಳ ಎತ್ತಿ ಐಸ್ ನೋಡಿ, ಮತ್ತೆ ಮುಚ್ಚುತ್ತಾರೆ.

"ಆ ಮಗು ಅಳಲೇ ಇಲ್ಲ ಕಣಪ್ಪಾ," ಎನ್ನುತ್ತಾರೆ. "ಇದು ಅಳ್ಲಿ. ಊರೋರ ನಿದ್ದೆಯೆಲ್ಲ ಕೆಟ್ಟು, ಬಂದು ನನ್ನ ಬೈಬೇಕು, ಹಾಗೆ ಅಳ್ಲಿ."